ಇಬ್ಬರಿಗೆ ಎಷ್ಟು ಬಟಾಟಿ

ಪಾವ್ ಕಿಲೋ, ಅಂದರೆ ಕಾಲು ಕಿಲೋ, ಎಂದು ಬಾಯಿಬಿಟ್ಟು ಕೇಳಲು ನನಗೆ ನಾಲಗೆ ಏಳುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಅಥಣಿ ಕಡೆಯ ದೊಡ್ಡ ಒಕ್ಕಲುತನದ ಮನೆಯಲ್ಲಿ. ದ್ರಾಕ್ಷಿ ತೋಟ, ಕಬ್ಬು, ಕಾಕಾಗಳು, ಅವರ ಮಕ್ಕಳು, ಆಳುಗಳು. ಅಲ್ಲಿ ಉಳ್ಳಾಗಡ್ಡಿ ಚೀಲದಲ್ಲಿ ಬರುತ್ತಿತ್ತು, ಎಣ್ಣೆ ಡಬ್ಬದಲ್ಲಿ ಬರುತ್ತಿತ್ತು, ಬೆಲ್ಲ ಪೆಂಟಿ ಪೆಂಟಿಯಾಗಿ ಬರುತ್ತಿತ್ತು. ಮದುವೆಯಾಗಿ ಚಿಕ್ಕೋಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ ಮೇಲೆ ಮೊದಲ ಸಲ ಕಾಯಿಪಲ್ಲೆ ತರಲು ಹೋದಾಗ, ಹೆಂಡತಿ ಹೇಳಿಕೊಟ್ಟಂತೆಯೇ ಪಾವ್ ಕಿಲೋ ಬಟಾಟಿ ಕೇಳಿದೆ. ಮಾರುವ ಹೆಂಗಸು ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಯಾಕ್ರಿ ಅಣ್ಣಾರ, ಮನ್ಯಾಗ ಯಾರೂ ಇಲ್ಲೇನ್ರಿ?"

ಪಾಪ, ಅವಳು ಕನಿಕರದಿಂದಲೇ ಕೇಳಿದ್ದಳು. ನನಗೆ ಮಾತ್ರ ಮನೆತನದ ಮಾನವೇ ಹೋದಂತಾಯಿತು. ಐದು ಕಿಲೋ ಹಾಕಿಸಿಕೊಂಡು ಬಂದೆ. ಅರ್ಧ ಬಟಾಟಿ ಮೊಳಕೆಯೊಡೆದವು. ಹೆಂಡತಿ ಅವನ್ನು ಕುಂಡದಲ್ಲಿ ನೆಟ್ಟು, "ಸುಗ್ಗಿಗೆ ಆಳು ಕರೀಬೇಕಾಗ್ತೈತ್ರಿ" ಎಂದಳು.

ಅವಳು ರಾಯಬಾಗದ ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ. ನಾನು ಚಿಕ್ಕೋಡಿಯಲ್ಲೇ ಒಂದು ಕಾಲೇಜಿನ ಗುಮಾಸ್ತ. ಮಧ್ಯಾಹ್ನ ಮನೆಗೆ ಬಂದು ಉಂಡು, ಸಂಜೆ ಐದಕ್ಕೆಲ್ಲ ಮತ್ತೆ ಮನೆ ಸೇರುವ ಪುಣ್ಯವಂತ. ಅವಳ ಬಸ್ಸು ಬರುವುದು ಆರರ ಸುಮಾರಿಗೆ. ನಮ್ಮದು ಜೈನರ ಮನೆ. ನಾನು ಹೆಸರಿಗೆ ಜೈನ, ಅವಳು ನಿಜಕ್ಕೂ ಜೈನಳು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಮದುವೆಗೆ ಮೊದಲೇ ಮುನಿಗಳೊಬ್ಬರ ಎದುರು ನೇಮ ಹಿಡಿದವಳು. ಚಳಿಗಾಲದಲ್ಲಿ ಹೊತ್ತು ಬೇಗ ಇಳಿಯುತ್ತದೆ. ಅವಳು ಬಸ್ಸಿಳಿದು ಬಂದು, ಕೈಕಾಲು ತೊಳೆದು ಒಲೆ ಹಚ್ಚುವಷ್ಟರಲ್ಲಿ ಸೂರ್ಯ ಇರುತ್ತಿರಲಿಲ್ಲ. "ಇರ್ಲಿ ಬಿಡ್ರಿ, ಮಧ್ಯಾಹ್ನ ಡಬ್ಬಿ ಉಂಡೀನಿ" ಎನ್ನುತ್ತ ಬರೀ ಹೊಟ್ಟೆಯಲ್ಲಿ ಮಲಗುತ್ತಿದ್ದಳು. ಪಕ್ಕದಲ್ಲಿ ನಾನು ತೇಗುತ್ತ ಮಲಗಿರುತ್ತಿದ್ದೆ. ಇದು ನನಗೆ ಸರಿ ಬರಲಿಲ್ಲ. ಅವಳು ಹೊಸ್ತಿಲು ದಾಟುವಷ್ಟರಲ್ಲಿ ತಾಟಿನಲ್ಲಿ ಬಿಸಿ ಊಟ ಇರಬೇಕು ಎಂದು ಪಣ ತೊಟ್ಟೆ. ಉಳಿತಾಯವೂ ಆಗಬೇಕು ಎಂದು ಅದಕ್ಕೊಂದು ಬಾಲ ಸೇರಿಸಿದೆ. ಕೆಟ್ಟದ್ದು ಆ ಬಾಲದಿಂದಲೇ.

ನಿಪ್ಪಾಣಿಯಲ್ಲಿ ಐಸ್‌ಕ್ರೀಮ್ ಅಂಗಡಿಯವನೊಬ್ಬ ಅಂಗಡಿ ಮುಚ್ಚುತ್ತಿದ್ದ. ಅವನ ಹಳೆಯ ಫ್ರೀಜರು, ಆಡನ್ನು ಮಲಗಿಸಬಹುದಾದಷ್ಟು ದೊಡ್ಡದು, ಸೋವಿಯಲ್ಲಿ ಸಿಕ್ಕಿತೆಂದು ಟೆಂಪೋದಲ್ಲಿ ಹೇರಿಕೊಂಡು ಬಂದೆ. ಅಡುಗೆಮನೆಯ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಹೊರಕೋಣೆಯಲ್ಲಿ ಕುರ್ಚಿಗಳನ್ನು ತೆಗೆಸಿ ಅದನ್ನು ಕೂರಿಸಿದೆವು. ಮುಚ್ಚಳದ ಮೇಲೆ ಕೋನ್ ಐಸ್‌ಕ್ರೀಮಿನ ಚಿತ್ರ ಹಾಗೇ ಇತ್ತು. ಎದುರು ಮನೆಯ ವೈನಿ ಬಾಗಿಲಲ್ಲಿ ಇಣುಕಿ, "ಕುಲ್ಫಿ ಹೆಂಗ ಕೊಡ್ತೀರಿ?" ಎಂದು ಕೇಳಿದರು. ನಾನು ಉಳಿತಾಯದ ಬಗ್ಗೆ ಅವರಿಗೊಂದು ಭಾಷಣ ಬಿಗಿದೆ. ಅವರು ಪೂರ್ತಿ ಕೇಳಿ, "ಕರೆಂಟ್ ಬಿಲ್ಲ ನೀವ ಕಟ್ಟೂದೇನ್ರಿ?" ಎಂದು ಹೋದರು.

ಅಲ್ಲಿಂದ ನನ್ನ ಭಾನುವಾರಗಳು ಶುರುವಾದವು. ಬೆಳಿಗ್ಗೆ ನಿಪ್ಪಾಣಿಗೆ ಹೋಗಿ ಸೋವಿ ಕಂಡದ್ದನ್ನೆಲ್ಲ ತರುವುದು, ಮಧ್ಯಾಹ್ನವಿಡೀ ಬೇಯಿಸುವುದು, ಆರಿಸಿ ಶ್ರೀಖಂಡದ ಖಾಲಿ ಡಬ್ಬಿಗಳಿಗೆ ತುಂಬಿ ಫ್ರೀಜರಿಗೆ ಇಳಿಸುವುದು. ಒಂದೊಂದು ಡಬ್ಬಿಯಲ್ಲಿ ಇಬ್ಬರ ಊಟ. ಆಮಟಿ, ಮಟಕಿ ಉಸುಳಿ, ಬದನೆಕಾಯಿ, ಮತ್ತೆ ಬಟಾಟಿ ಪಲ್ಯ, ಮತ್ತೆ ಬಟಾಟಿ ಪಲ್ಯ. ಹೆಪ್ಪುಗಟ್ಟಿದ ಮೇಲೆ ಎಲ್ಲ ಡಬ್ಬಿಗಳೂ ಒಂದೇ ಮುಖದವು. ಆಮಟಿ ಎಂದು ಕುದಿಯಲು ಇಟ್ಟದ್ದು ಬದನೆಕಾಯಿಯಾಗಿ ಏಳುತ್ತಿತ್ತು. ಬಟಾಟಿಯಂತೂ ಬರ್ಫದಲ್ಲಿ ಕುಳಿತು ಕುಳಿತು ಪಾತ್ರೆ ತಿಕ್ಕುವ ಸ್ಪಂಜಿನ ಹಾಗಾಗುತ್ತಿತ್ತು. ಅವಳು ಒಂದೊಂದು ತುತ್ತಿಗೂ ಒಂದು ಗುಟುಕು ನೀರು ಕುಡಿದು, "ಛಲೋ ಆಗೈತ್ರಿ" ಎನ್ನುತ್ತಿದ್ದಳು. ಆ ಮಾತು ಸುಳ್ಳೆಂದು ನನಗೆ ಗೊತ್ತಿತ್ತು. ಆದರೂ ಹಿಗ್ಗುತ್ತಿದ್ದೆ, ಏಕೆಂದರೆ ಅವಳು ಉಂಡು ಮಲಗುತ್ತಿದ್ದಳು.

ಕಳೆದ ಭಾದ್ರಪದದಲ್ಲಿ, ಗಣೇಶ ಚೌತಿಯ ಹಿಂದಿನ ಭಾನುವಾರ, ನಿಪ್ಪಾಣಿಯ ಬಟಾಟಿ ವ್ಯಾಪಾರಿ ನನ್ನನ್ನು ದೂರದಿಂದಲೇ ಗುರುತಿಸಿ ಕೈ ಬೀಸಿದ. "ಘ್ಯಾ ಸಾಹೇಬ, ಸ್ವಸ್ತ ಲಾವ್ತೊ!" ಎಂದು ಮರಾಠಿಯಲ್ಲಿ ಆಸೆ ಹಚ್ಚಿದ. ನಾನು ಸಾಹೇಬನಾದೆ, ಅವನು ಹೇಳಿದಂತೆ ಸೋವಿಯೂ ಆಯಿತು. ಅರ್ಧ ಚೀಲ ಕೊಂಡೆ. ಅದಕ್ಕೆ ತಕ್ಕ ಉಳ್ಳಾಗಡ್ಡಿ, ಅದಕ್ಕೆ ತಕ್ಕ ಬಳ್ಳೊಳ್ಳಿ. ಇಡೀ ದಿನ ಬೇಯಿಸಿ ಮುಚ್ಚಳದವರೆಗೂ ತುಂಬಿಸಿ, ಫ್ರೀಜರಿನ ಮೇಲೆ ಕೈಯೂರಿ ನಿಂತೆ.

"ಇನ್ನ ಒಂದ ತಿಂಗಳ ಒಲಿ ಕಡೆ ನೋಡೂದ ಬ್ಯಾಡ" ಎಂದೆ.

ಅವಳು ಮುಚ್ಚಳ ಎತ್ತಿ ನೋಡಿದಳು. ಮತ್ತೆ ಮೆಲ್ಲಗೆ ಇಳಿಸಿದಳು. "ಪರ್ವಕ್ಕ ಏನ್ ಮಾಡೂದ್ರಿ?"

ಚೌತಿಯ ಮರುದಿನದಿಂದ ಹತ್ತು ದಿನ ದಶಲಕ್ಷಣ ಪರ್ವ. ನಮ್ಮವರಲ್ಲಿ ವರ್ಷದ ದೊಡ್ಡ ವ್ರತ. ಗಡ್ಡೆಗೆಣಸು ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲ, ತಂಗಳು ಮುಟ್ಟುವುದಿಲ್ಲ. ಊರಲ್ಲಿದ್ದಾಗ ಆಯಿ ಎಲ್ಲ ನೋಡಿಕೊಳ್ಳುತ್ತಿದ್ದಳು. ನನಗೆ ತಾಟಿನಲ್ಲಿ ರುಚಿ ಕಡಿಮೆಯಾದಾಗ ಪರ್ವ ಬಂತೆಂದು ತಿಳಿಯುತ್ತಿತ್ತು. ಜೈನರ ಮನೆಯಲ್ಲಿ ಹುಟ್ಟಿ, ಪರ್ವದ ಮುಂದೆ ಅರ್ಧ ಚೀಲ ಬಟಾಟಿ ಬೇಯಿಸಿಟ್ಟವನು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಆದರೆ ಸೋಲೊಪ್ಪಿಕೊಳ್ಳುವ ಮಗ ನಾನಲ್ಲ.

"ಬರ್ಫದಾಗ ಇಟ್ಟದ್ದು ತಂಗಳ ಹೆಂಗ ಆಗ್ತೈತಿ? ಇದ್ದಲ್ಲೇ ನಿಂತಿರ್ತೈತಿ ಅದು."

"ನಿನ್ನಿ ಮಾಡಿದ್ದು ನಿನ್ನಿದ ಅಲ್ಲೇನ್ರಿ?" ಎಂದು ಅವಳು ನಕ್ಕಳು. ಈ ಸಲ ದಿನಕ್ಕೆ ಒಂದೇ ಹೊತ್ತು ಉಣ್ಣುವುದಾಗಿ ಬಸದಿಯಲ್ಲಿ ಹೇಳಿಕೊಂಡು ಬಂದಿದ್ದಳಂತೆ. ಸಂಘದಲ್ಲಿ ತಪಾಸಣೆ ನಡೆದಿದ್ದರಿಂದ ರಜೆ ಇಲ್ಲ. ಸಂಜೆ ಮನೆಗೆ ಬಂದು, ಹೊತ್ತು ಮುಳುಗುವ ಮೊದಲು ಆ ಒಂದು ಊಟ, ಅದರ ಜೊತೆಗಷ್ಟೇ ನೀರು. ತಪ್ಪಿದರೆ ಮರುದಿನ ಸಂಜೆಯವರೆಗೆ ಏನೂ ಇಲ್ಲ. "ನಾ ಮುಂಜಾನೆನ ಮಾಡಿ ಇಟ್ಟ ಹೋಗ್ತೀನ್ರಿ" ಎಂದಳು.

ಅಲ್ಲಿಗೇ ಬಿಡಬಹುದಿತ್ತು. "ಏನ್ ಬ್ಯಾಡ, ನಾ ಅದೀನಲ್ಲ! ನೀ ಬರೂದ್ರಾಗ ಬಿಸಿಬಿಸಿ ಮಾಡಿ ಇಡ್ತೀನಿ" ಎಂದುಬಿಟ್ಟೆ.

ಹೀಗೆ ಅವಳ ದಿನದ ಒಂದೇ ಒಂದು ಊಟ ನನ್ನ ಕೈಗೆ ಬಿತ್ತು. ಮಡಿಯ ಸ್ಟೀಲ್ ಪಾತ್ರೆ, ಕಾಯಿಸಿ ಸೋಸಿದ ನೀರು, ಹೆಸರುಬೇಳೆ, ಹೀರೆಕಾಯಿ, ಡಬ್ಬು ಮೆಣಸಿನಕಾಯಿ. ಕಾಲೇಜಿನಿಂದ ಓಡಿ ಬಂದು, ಕಿಟಕಿಯಲ್ಲಿ ಬಿಸಿಲನ್ನೂ ಒಲೆಯಲ್ಲಿ ಕುಕ್ಕರನ್ನೂ ಒಟ್ಟಿಗೆ ನೋಡುತ್ತ ಬೆವರುತ್ತಿದ್ದೆ. ಚಪಾತಿ ನನ್ನ ಕೈಯಲ್ಲಿ ನಮ್ಮ ಜಿಲ್ಲೆಯ ನಕ್ಷೆಯಾಗುತ್ತಿತ್ತು. ಅವಳು ಅದನ್ನೇ ಕಣ್ಣಿಗೊತ್ತಿಕೊಂಡು ಉಣ್ಣುತ್ತಿದ್ದಳು.

ಇತ್ತ ಫ್ರೀಜರಿನದು ಬೇರೆ ಕಥೆ. ಕರೆಂಟು ಪದೇಪದೇ ಹೋಗುತ್ತಿತ್ತು, ಡಬ್ಬಿಗಳು ಬೆವರುತ್ತಿದ್ದವು. ಕೆಡಿಸಲು ಮನಸ್ಸು ಬರದೆ, ನನಗೆ ವ್ರತವಿಲ್ಲ ಎಂದು ಹೇಳಿಕೊಂಡು, ನಾನೇ ಖಾಲಿ ಮಾಡತೊಡಗಿದೆ. ಮಧ್ಯಾಹ್ನ ಇಬ್ಬರ ಊಟ, ಸಂಜೆ ಇಬ್ಬರ ಊಟ, ಎರಡನ್ನೂ ಒಬ್ಬನೇ. ಅವಳು ದಿನದಿನಕ್ಕೆ ಸೊರಗಿದಳು, ನನ್ನ ಪ್ಯಾಂಟಿನ ಗುಂಡಿ ಕಿತ್ತುಬಂತು. ಬಸದಿಯ ಹತ್ತಿರ ಪರಿಚಯದ ಹಿರಿಯರೊಬ್ಬರು ನನ್ನ ಮುಖ ನೋಡಿ, "ಪರ್ವದ ಕಳಿ ಬಂದೈತಿ ನಿನ್ನ ಮಾರಿ ಮ್ಯಾಲ" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಪರ್ವ ಇನ್ನೇನು ಮುಗಿಯಬೇಕು, ಅಂಥ ಒಂದು ಸಂಜೆ. ಅಂದು ಊರಿನ ಹಲವು ಗಣಪತಿಗಳನ್ನು ಕಳಿಸುವ ದಿನ. ನನ್ನ ಅಡುಗೆ ಅಪರೂಪಕ್ಕೆ ಬೇಗ ಮುಗಿದಿತ್ತು. ಹೆಸರುಬೇಳೆ, ಚಪಾತಿ, ಡಬ್ಬು ಮೆಣಸಿನಕಾಯಿ ಪಲ್ಯ, ಎಲ್ಲವನ್ನೂ ಮದುವೆಯ ಆಹೇರಿನಲ್ಲಿ, ಉಡುಗೊರೆಯಾಗಿ, ಬಂದ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಟ್ಟೆ. ನನ್ನ ಪಾಲಿನ ಬಟಾಟಿ ಪಲ್ಯ ಬಿಸಿ ಮಾಡಿ, ಅದೇ ಆಹೇರಿನ, ಅದರಂತೆಯೇ ಇದ್ದ ಇನ್ನೊಂದು ಡಬ್ಬಿಗೆ ಹಾಕಿ ಪಕ್ಕದಲ್ಲಿಟ್ಟೆ. ಫೋನು ಬಂತು.

"ರೀ, ಬಸ್ಸ ನಿಂತೈತಿ. ಮುಂದ ಮೆರವಣಿಗಿ ಐತಿ, ಯಾವಾಗ ಬಿಡ್ತಾರೋ ಗೊತ್ತಿಲ್ಲ. ಹೊತ್ತ ಇಳ್ಯಾಕತ್ತೈತ್ರಿ."

ದನಿಯಲ್ಲಿ ಅಳು ಇರಲಿಲ್ಲ, ಆದರೆ ಸೋತಿತ್ತು. ಹಿಂದಿನ ಸಂಜೆಯಿಂದ ಅವಳ ಹೊಟ್ಟೆಗೆ ಒಂದು ಗುಟುಕು ನೀರೂ ಬಿದ್ದಿರಲಿಲ್ಲ. ಬಸ್ಸು ನಿಂತದ್ದು ಊರ ಹೊರಗೆ. ಅವಳನ್ನು ಕರೆತರುವಷ್ಟರಲ್ಲಿ ಹೊತ್ತು ಮುಳುಗುತ್ತದೆ, ಊಟವನ್ನೇ ಒಯ್ದರೆ ಮುಟ್ಟಬಹುದು. ಡಬ್ಬಿ ಎತ್ತಿಕೊಂಡೆ, ಮುಚ್ಚಳವಿದ್ದ ನೀರಿನ ತಂಬಿಗೆ ಚೀಲಕ್ಕೆ ಹಾಕಿದೆ, ಸ್ಕೂಟರು ಎಬ್ಬಿಸಿದೆ. ಹಿಂದಿನ ಓಣಿಗಳಲ್ಲಿ, ಗುಲಾಲು ಬಳಿದುಕೊಂಡವರ ನಡುವೆ, "ಸರೀರಿ, ಸರೀರಿ, ಜರಾ ಜಾವೂ ದ್ಯಾ" ಎಂದು ಕನ್ನಡ ಮರಾಠಿ ಎರಡರಲ್ಲೂ ಕೂಗುತ್ತ ಹೊಡೆದೆ. ಡಬ್ಬಿ ಕಾಲ ನಡುವೆ ಬೆಚ್ಚಗಿತ್ತು. ಆ ಬಿಸಿಗೆ ನನ್ನ ಎದೆಯುಬ್ಬಿತ್ತು, ಅದನ್ನು ಮುಚ್ಚಿಡುವುದೇಕೆ?

ಬಸ್ಸಿನಿಂದ ಇಳಿದು ಅವಳು ಕಬ್ಬಿನ ಹೊಲದ ಬದುವಿನ ಹತ್ತಿರ ನಿಂತಿದ್ದಳು. ಸೂರ್ಯ ಕಬ್ಬಿನ ತಲೆಯ ಮೇಲೆ ಇನ್ನೂ ಇದ್ದ. ಅವಳ ಮುಖ ಅರಳಿತು. ಕೈ ತೊಳೆದು, ಚಪ್ಪಲಿ ಬಿಟ್ಟು, ಬದುವಿನ ಕಲ್ಲಿನ ಮೇಲೆ ಕುಳಿತು ಕಣ್ಣುಮುಚ್ಚಿ ಮಂತ್ರ ಹೇಳಿಕೊಂಡಳು. ನಾನು ಡಬ್ಬಿಯ ಮುಚ್ಚಳ ತೆಗೆದೆ.

ಬಳ್ಳೊಳ್ಳಿಯ ಒಗ್ಗರಣೆಯ ವಾಸನೆ ಬದುವಿನ ತುಂಬ ಹರಡಿತು.

ಅವಸರದಲ್ಲಿ ತಂದದ್ದು ನನ್ನ ಡಬ್ಬಿ. ಮನೆಗೆ ಹೋಗಿ ಬರಲು ಹೊತ್ತಿರಲಿಲ್ಲ, ಅದು ಇಬ್ಬರಿಗೂ ಕಾಣುತ್ತಿತ್ತು. ಅವಳು ಕಣ್ಣು ತೆರೆದು ಬಟಾಟಿ ಪಲ್ಯವನ್ನು ನೋಡಿದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಮುಚ್ಚಳವನ್ನು ತಾನೇ ಮುಚ್ಚಿ, ತಂಬಿಗೆಯ ನೀರನ್ನು ನಿಧಾನವಾಗಿ ಕುಡಿದಳು.

"ಆತ್ರಿ, ಇವತ್ತಿಂದು ಇಷ್ಟ" ಎಂದಳು. ಆಮೇಲೆ, "ನೀವರ ಉಣ್ರಿ, ಆರಿ ಹೋಗ್ತೈತಿ."

ನಾನು ಉಣ್ಣಲಿಲ್ಲ. ಸ್ಕೂಟರಿನ ಹಿಂದೆ ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. "ನಾ ಎಂಥಾ ಖೋಡಿ ಅದೀನಿ ನೋಡು" ಎಂದು ನಾನು ದಾರಿಯುದ್ದಕ್ಕೂ ಶುರುಮಾಡಿದೆ. "ಮುಂದ ನೋಡ್ಕೊಂಡ ಹೊಡೀರಿ" ಎಂದಷ್ಟೇ ಹೇಳಿದಳು. ಮನೆಯಲ್ಲಿ ಕಟ್ಟೆಯ ಮೇಲೆ ಅವಳ ಡಬ್ಬಿ ಇನ್ನೂ ಬೆಚ್ಚಗಿತ್ತು. ಉಳಿದ ಹುಣಸೆ ನೀರನ್ನೂ ಹೆಪ್ಪುಗಟ್ಟಿಸುವ ನನಗೆ ಅದನ್ನು ಫ್ರೀಜರಿನಲ್ಲಿಡಲು ಕೈ ಬರಲಿಲ್ಲ. ಎದುರು ಮನೆಯ ವೈನಿಗೆ ಕೊಟ್ಟೆ. ಆ ಸಂಜೆ ನಾನೂ ಉಪವಾಸವಿದ್ದೆ. ದೊಡ್ಡ ಸಾಧನೆಯೇನಲ್ಲ, ಮರುದಿನ ಮಧ್ಯಾಹ್ನ ಬಡ್ಡಿ ಸಮೇತ ತೀರಿಸಿದೆ. ಅವಳು ಮಾತ್ರ ಮರುದಿನ ಸಂಜೆಯವರೆಗೆ ಹಾಗೇ ಕೆಲಸ ಮಾಡಿದಳು.

ಪರ್ವ ಮುಗಿದು ಪಾರಣೆಯ ದಿನ ಬಂತು, ವ್ರತ ಬಿಡುವ ಊಟ. ನಾನು ಬೆಳಿಗ್ಗೆಯೇ ಸ್ನಾನ ಮಾಡಿ, ತೋಳು ಮಡಿಚಿ, ಹೂರಣದ ಹೋಳಿಗೆಯಿಂದ ಹಿಡಿದು ಕಟ್ಟಿನ ಸಾರಿನವರೆಗೆ ಏನೇನು ಮಾಡುತ್ತೇನೆಂದು ಸಾರಿದೆ. ಅವಳು ಬಸದಿಯಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಏನೋ ಕೇಳಲು ನಾಚಿಕೊಂಡಂತಿತ್ತು.

"ಬಟಾಟಿ ಪಲ್ಯದ್ದು ಒಂದ ಡಬ್ಬಿ ಉಳದೈತೇನ್ರಿ?"

"ಯಾಕ?"

"ಅವತ್ತ ಬದುವಿನ ಮ್ಯಾಲ ವಾಸನಿ ಬಂತಲ್ರಿ, ಅವಾಗಿಂದ ಅದ ತಲ್ಯಾಗ ಕುಂತೈತಿ. ಜಪಾ ಮಾಡಾಕ ಕುಂತರೂ ಅದ."

ನಾನು ಹೊರಕೋಣೆಗೆ ಹೋಗಿ ಫ್ರೀಜರಿನ ಮುಚ್ಚಳ ಎತ್ತಿದೆ. ಖಾಲಿ. ಕೊನೆಯ ಡಬ್ಬಿಯನ್ನು ಹಿಂದಿನ ದಿನವಷ್ಟೇ, ಕೆಡಬಾರದೆಂದು, ಕಷ್ಟಪಟ್ಟು ತಿಂದು ಮುಗಿಸಿದ್ದೆ. ಅರ್ಧ ಚೀಲದಲ್ಲಿ ಅವಳಿಗೆಂದು ಒಂದು ಹೋಳೂ ಇರಲಿಲ್ಲ. ಅವಳು ನನ್ನ ಹಿಂದೆಯೇ ಬಂದು ಒಳಗೆ ಇಣುಕಿ, ಫ್ರೀಜರಿನ ಅಂಚು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹತ್ತು ದಿನದ ಮೇಲೆ ಅವಳು ಹಾಗೆ ನಕ್ಕದ್ದು.

ಚೀಲ ಹಿಡಿದು ಕಾಯಿಪಲ್ಲೆ ಪೇಟೆಗೆ ಓಡಿದೆ. ಅದೇ ಹೆಂಗಸು, ಅದೇ ತಕ್ಕಡಿ. ಅವಳು ನನ್ನನ್ನು ಕಂಡವಳೇ ದೊಡ್ಡ ಬುಟ್ಟಿಗೆ ಕೈ ಹಾಕಿದಳು.

"ನಾಕ ಬಟಾಟಿ ಕೊಡ್ರಿ" ಎಂದೆ.

"ಬರೇ ನಾಕ? ಮನ್ಯಾಗ ಯಾರೂ ಇಲ್ಲೇನ್ರಿ ಅಣ್ಣಾರ?"

"ಅದಾಳ್ರಿ, ನನ್ನ ಹೆಂಡ್ತಿ ಅದಾಳ. ಹಸದಾಳ, ಲಗೂನ ಕೊಡ್ರಿ."