ಸೋಲಬೇಕಾಗಿದ್ದ ಕಾಳಿ

ಕುಮುದಿನಿಯ ಬಲಗಾಲು ಮಲಗಿದಾಗ ಸಲೀಸಾಗಿ ಕಿವಿ ಮುಟ್ಟುತ್ತಿತ್ತು. ಎದ್ದು ನಿಂತರೆ ಸೊಂಟ ದಾಟುತ್ತಿರಲಿಲ್ಲ. ಪುತ್ತೂರಿನ ಸೋಡಾ ಅಂಗಡಿಯ ಅಟ್ಟದಲ್ಲಿ ನಾಟ್ಯ ಕಲಿಸುತ್ತಿದ್ದ ಕೃಷ್ಣಮೋಹನ ಮಾಸ್ತರರಿಗೆ ಅದೇ ತಲೆನೋವು. ಐವತ್ತೆಂಟನೆಯ ಇಸವಿ. ಮರ್ಕಂಜದ ಕುಶಾಲಪ್ಪ ಗೌಡರು ಮಕ್ಕಳ ಓದಿಗೆಂದು ಪೇಟೆಯಲ್ಲಿ ಬಾಡಿಗೆ ಮನೆ ಮಾಡಿದ್ದರು. ಹಿರಿಮಗಳು ಕುಮುದಿನಿ ಹಟ ಹಿಡಿದದ್ದಕ್ಕೆ ನಾಟ್ಯಕ್ಕೂ ಒಪ್ಪಿದ್ದರು.

ಕಾಲು ಬಿಗಿಯಾಗಿದೆ ಎಂದುಕೊಂಡು ತಾಯಿ ಸೇವಂತಿ ದಿನಾ ಬಿಸಿ ಎಣ್ಣೆ ತಿಕ್ಕಿದಳು. ಹುಡುಗಿ ಕಿಟಕಿಯ ಕಟ್ಟೆಗೆ ಕಾಲಿಟ್ಟು ಎಳೆದೇ ಎಳೆದಳು. ಕಾಲು ಇನ್ನಷ್ಟು ಸಡಿಲವಾಯಿತು, ಎತ್ತಲು ಹೋದರೆ ಮೈಯೇ ವಾಲಿತು. ಕೊನೆಗೆ ಮಾಸ್ತರರು ಗಾರೆಯವನಿಂದ ಗೋಡೆಯ ನೇರ ನೋಡುವ ತೂಗುಗುಂಡು ತಂದು ಜಂತಿಗೆ ಕಟ್ಟಿ, ಅದರ ಹಿಂದೆ ಅವಳನ್ನು ನಿಲ್ಲಿಸಿದರು.

"ನಿನ್ನ ಎಡ ಸೊಂಟ ಎಂತ ಮಾರಾಯ್ತಿ, ಅಟ್ಟ ಹತ್ತಿ ಕೂತಿದೆ?"

ಹತ್ತದೆ ಏನು? ತಮ್ಮ ತಂಗಿಯರೆಲ್ಲ ಒಬ್ಬರಾದ ಮೇಲೊಬ್ಬರು ಬೆಳೆದದ್ದು ಆ ಸೊಂಟದ ಮೇಲೆಯೇ.

"ಎತ್ತುವ ಕಾಲನ್ನು ಮರ್ತುಬಿಡು. ನಿಂತ ಕಾಲು ನೆಲ ಒತ್ತಲಿ, ಸೊಂಟ ಸಮ ಇರ್ಲಿ. ಎಷ್ಟು ಎತ್ತರಕ್ಕೆ ಸಮ ಉಳೀತದೋ ಅಷ್ಟೇ ಎತ್ತುದು" ಎಂದರು ಮಾಸ್ತರರು.

ಸಮ ಉಳಿದದ್ದು ಮೊಣಕಾಲಿನ ಎತ್ತರಕ್ಕೆ ಮಾತ್ರ. ಅಲ್ಲಿಗೇ ಎತ್ತಿ, ಹಿಡಿದು, ಇಳಿಸುವ ಬೇಸರದ ಕೆಲಸ ತಿಂಗಳುಗಟ್ಟಲೆ ನಡೆಯಿತು. ತೊಡೆ ನಡುಗಿ ನಡುಗಿ ಗಟ್ಟಿಯಾಯಿತು. ಮನೆಯಲ್ಲಿ ಕೊನೆಯ ತಮ್ಮ ಬಲ ಸೊಂಟಕ್ಕೆ ವರ್ಗವಾದ. ಮೊದಮೊದಲು ಅವನು ರಂಪ ಮಾಡಿದ. ಮರುವರ್ಷದ ಮಳೆಗಾಲ ಮುಗಿಯುವಾಗ ಕಾಲು ಹೆಗಲನ್ನು ದಾಟಿ ಹೋಗಿ ಅಲ್ಲೇ ನಿಂತಿತು.

ದಸರೆಗೆ ಮಾಸ್ತರರು ಶಿವನಿಗೂ ಕಾಳಿಗೂ ನಡೆದ ನಾಟ್ಯದ ಪಂದ್ಯವನ್ನು ಆಡಿಸಲು ಹೊರಟರು. ಶಿವ ಕಾಲನ್ನು ಆಕಾಶಕ್ಕೆ ಎತ್ತುತ್ತಾನೆ, ಕಾಳಿ ಹೆಣ್ಣೆಂಬ ನಾಚಿಕೆಯಿಂದ ಎತ್ತಲಾರದೆ ಸೋಲುತ್ತಾಳೆ. ಶಿವನ ವೇಷ ಕುಮುದಿನಿಗೇ ಎಂದಾಗಿತ್ತು. ಆದರೆ ಅವಳನ್ನು ನೋಡಲು ಅರಂತೋಡಿನ ಗಂಡಿನ ಕಡೆಯವರು ಅಂದೇ ಬರುವವರಿದ್ದರು.

"ಸಭೆಯಲ್ಲಿ ಹುಡುಗಿ ಕಾಲೆತ್ತುದು ಬೇಡ. ಕಾಳಿ ಆಗ್ಲಿ" ಎಂದರು ಗೌಡರು.

ಶಿವನ ವೇಷ ಜೊತೆಗೆ ಕಲಿಯುತ್ತಿದ್ದ ತೀರ್ಥರಾಮನ ಪಾಲಾಯಿತು. ಚೆಂದದ ಹುಡುಗ, ಆದರೆ ಕಾಲೆತ್ತಿದರೆ ಬೆನ್ನು ಅಕ್ಕಿಮೂಟೆಯಂತೆ ಕುಸಿಯುತ್ತಿತ್ತು. ಕುಮುದಿನಿಗೆ ಅವಮಾನವೇ ಆಯಿತು. ಕಾಲು ಏಳದಿದ್ದ ದಿನಗಳಲ್ಲೂ ಅವಳು ಅಷ್ಟು ಅತ್ತಿರಲಿಲ್ಲ.

ಅಂದು ಶಾಲೆಯ ಸಭಾಂಗಣ ತುಂಬಿತ್ತು. ತೀರ್ಥರಾಮ ಬೆನ್ನು ಬಗ್ಗಿಸಿ ಹೇಗೋ ಎದೆಮಟ್ಟಕ್ಕೆ ಕಾಲೆತ್ತಿದ. ಜನ ಚಪ್ಪಾಳೆ ತಟ್ಟಿದರು. ಕಾಳಿಯಾಗಿದ್ದ ಕುಮುದಿನಿ ಮಾಸ್ತರರು ಕಲಿಸಿದಂತೆಯೇ ತಲೆ ತಗ್ಗಿಸಿದಳು. ಆಮೇಲೆ ತಲೆ ಎತ್ತಿದಳು. ಎಡಗಾಲು ನೆಲವನ್ನು ಒತ್ತಿತು, ಬಲಗಾಲು ಅವಸರವಿಲ್ಲದೆ ಮೇಲೇರಿ, ಮಂಡಿ ಮಡಚದೆ, ನೆತ್ತಿಗಿಂತ ಮೇಲೆ ಹೋಗಿ ನಿಂತಿತು. ಮಾಸ್ತರರು ತಾಳ ನಿಲ್ಲಿಸಬೇಕಿತ್ತು, ಇನ್ನೊಂದು ಸುತ್ತು ಹಾಕಿದರು. ತೀರ್ಥರಾಮನ ಕಾಲು ತಾನಾಗಿ ಕೆಳಗೆ ಬಂತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಕಾಲಿಳಿಸಿ, ಕಥೆಯಲ್ಲಿ ಇದ್ದಂತೆ ಶಿವನಿಗೆ ಕೈಮುಗಿದು ಸೋಲೊಪ್ಪಿಕೊಂಡಳು.

ಅರಂತೋಡಿನವರು ಕಾಫಿಗೂ ನಿಲ್ಲದೆ ಹೊರಟುಹೋದರು. ಮನೆಯ ದಾರಿಯಲ್ಲಿ ಸೇವಂತಿ ಕೇಳಿದಳು:

"ಹೇಗೂ ಸೋಲ್ಲಿಕ್ಕೆ ಇತ್ತಲ್ಲ, ಮತ್ತೆ ಎಂತಕ್ಕೆ ಎತ್ತಿದ್ದು?"

"ಎತ್ತಲಿಕ್ಕೆ ಬರದೆ ಸೋತದ್ದಲ್ಲ ಅಂತ ಗೊತ್ತಾಗ್ಲಿ."

ಮುಂದೆ ನಡೆಯುತ್ತಿದ್ದ ಗೌಡರಿಗೂ ಅದು ಕೇಳಿಸಿತು. ಮರುದಿನ ನಾಟ್ಯ ಬಿಡಿಸಿದರು. ಮುಂದೆ ಅವಳನ್ನು ಕುಂಬ್ರಕ್ಕೆ ಮದುವೆ ಮಾಡಿಕೊಟ್ಟರು. ಅವಳಿಗೆ ನಾಟ್ಯ ಬರುತ್ತದೆಂದು ಅಲ್ಲಿ ಯಾರಿಗೂ ಹೇಳಲಿಲ್ಲ.