ಹಳೇ ಅಳತೆಯ ಮಾತ್ರೆ

ದರ್ಜಿಗೆ ಒಂದು ಜಂಬವಿತ್ತು: ಒಮ್ಮೆ ಅಳತೆ ತೆಗೆದರೆ ಮುಗಿಯಿತು, ಮತ್ತೆ ಟೇಪು ಹಿಡಿಯುವ ಮಾತಿಲ್ಲ. ಗಿರಾಕಿ ಊದಿರಲಿ, ಸೊರಗಿರಲಿ, ಬಟ್ಟೆ ಹಳೇ ಅಳತೆಗೇ. ಬಟ್ಟೆ ಹೊಂದದಿದ್ದರೆ ಅವನಿಂದ ಬೈಸಿಕೊಳ್ಳುವವಳು ಮಾತ್ರ ಪಕ್ಕದಲ್ಲಿ ಕಾಜಾ ಹಾಕುವ ಹೆಂಡತಿ.

ಬೆನ್ನಿನ ಆಪರೇಷನ್ ಆದಮೇಲೆ ಅವನಿಗೆ ಡಾಕ್ಟರು ನೋವಿಗೆಂದು ಅಫೀಮಿನ ಬಳಗದ ಮಾತ್ರೆ ಕೊಟ್ಟರು. ಮೊದಮೊದಲು ಒಂದಕ್ಕೇ ಹಾಯಾಗಿ ಮಲಗುತ್ತಿದ್ದ ಮನುಷ್ಯನಿಗೆ ಬರುಬರುತ್ತಾ ನಾಲ್ಕೂ ಸಾಲದಾಯಿತು. ಅವಳು ಹೆದರಿ ಕೇಳಿದಾಗ ಡಾಕ್ಟರು ಬಿಡಿಸಿ ಹೇಳಿದರು: "ಈ ಔಷಧಿ ಕೂರೋಕೆ ಜೀವಕೋಶದ ಮೈಮೇಲೆ ಪುಟ್ಟ ಪುಟ್ಟ ಜಾಗ ಇರ್ತವಮ್ಮ. ದಿನಾ ಬಂದು ಕೂತ್ರೆ ಕೋಶ ಕೆಲವನ್ನ ಒಳಗೆ ಎಳ್ಕೊಳ್ಳುತ್ತೆ, ಕೆಲವು ಮಂಕಾಗ್ತವೆ. ಅದಕ್ಕೇ ಹೆಚ್ಚು ಬೇಕಾಗೋದು. ಆದ್ರೆ ಒಂದೇ ಸಲ ಬಿಡಬಾರ್ದು, ಮೆಲ್ಲಗೆ ಇಳಿಸೋಣ."

ಮೆಲ್ಲಗೆ ಎನ್ನುವುದು ಆ ಜಗಮೊಂಡನ ಜಾಯಮಾನದಲ್ಲೇ ಇರಲಿಲ್ಲ. ಭಾವಮೈದುನ "ಚಟ ಹತ್ತಿದೆ" ಎಂದು ಚುಚ್ಚಿದ್ದೇ ತಡ, ಡಬ್ಬಿಯನ್ನು ಬೀರುವಿನ ಮೇಲೆಸೆದು ಒಂದೇ ಏಟಿಗೆ ನಿಲ್ಲಿಸಿದ. ಬೆವರು, ನಡುಕ, ವಾಂತಿ, ಭೇದಿ. ಮೈಯೆಲ್ಲ ಮುಳ್ಳೆದ್ದು, ಮೂಗು ಸೋರಿಸಿಕೊಂಡು ಮಗುವಿನ ಹಾಗೆ ಅತ್ತ. ಅವಳ ಜೀವ ಬಾಯಿಗೆ ಬಂದಿತ್ತು. ಹೇಗೋ ದಾಟಿದ. ತಿಂಗಳು ಕಳೆದರೂ ಅವಳ ಭಯ ಮಾತ್ರ ಇಳಿಯಲಿಲ್ಲ.

ಒಂದು ಮಧ್ಯಾಹ್ನ ಬೆನ್ನು ಮತ್ತೆ ಹಿಡಿಯಿತು. ಅವನು ಡಬ್ಬಿ ಇಳಿಸಿ, ಕಸುಬಿನ ಬುದ್ಧಿ ಬಿಡದೆ, ಹಳೇ ಅಳತೆಯಲ್ಲೇ ನಾಲ್ಕು ನುಂಗಿದ. ಮಾತ್ರೆ ಬಿಟ್ಟ ಆ ತಿಂಗಳಲ್ಲಿ ಕೋಶದ ಒಳಗೆ ಹೋಗಿದ್ದ ಜಾಗಗಳು ಹೊರಗೆ ಬಂದಿದ್ದವು, ಮಂಕಾಗಿದ್ದವೂ ಚುರುಕಾಗಿದ್ದವು; ಮೈಗೆ ಈಗ ಮೊದಲಿನಂತೆ ಒಂದೇ ಸಾಕಿತ್ತು. ಅವನಿಗೇನು ಗೊತ್ತು?

ಅವಳು ಅಂಗಡಿಯಿಂದ ಗುಂಡಿ ತರುವಷ್ಟರಲ್ಲಿ ಅವನು ಮೆಷಿನ್ನಿನ ಮೇಲೆ ತಲೆಯಿಟ್ಟಿದ್ದ. ತುಟಿ ನೀಲಿಗಟ್ಟಿತ್ತು. ಒಂದು ಉಸಿರು ಬಂತೆಂದರೆ ಮುಂದಿನದಕ್ಕೆ ಕಾಯಬೇಕು. "ರೀ, ಕಣ್ಣು ಬಿಡಿ ರೀ" ಎಂದರೆ ಹೂಂಗುಟ್ಟಲೂ ಇಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ, ಆ ಕಡೆಯವರು ಹೇಳಿಕೊಟ್ಟಂತೆ ನೆಲದ ಮೇಲೆ ಮಲಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದಳು. ನಿಲ್ಲಿಸಿದರೆ ಸತ್ತೇಹೋಗುತ್ತಾನೆಂಬ ಹೆದರಿಕೆ. ಗಾಡಿ ಬಂದರೂ ನಿಲ್ಲಿಸಲಿಲ್ಲ. ಅದರಲ್ಲಿ ಬಂದ ನರ್ಸು ಭುಜ ಹಿಡಿದು ಪಕ್ಕಕ್ಕೆ ಸರಿಸಬೇಕಾಯಿತು.

ಮಾತ್ರೆಯ ಅಮಲು ಇಳಿಸುವ ಇಂಜೆಕ್ಷನ್ ಚುಚ್ಚಿದ ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟ.

"ಈ ಇಂಜೆಕ್ಷನ್ ಶಕ್ತಿ ಬೇಗ ಇಳಿಯುತ್ತೆ, ಮಾತ್ರೆದು ಇನ್ನೂ ಒಳಗೇ ಇದೆ, ಮತ್ತೆ ಮಂಪರು ಹತ್ತಬಹುದು. ಆಸ್ಪತ್ರೆ ಸೇರೋವರೆಗೂ ಮಾತಾಡಿಸ್ತಾ ಇರಿ," ಎಂದಳು ನರ್ಸು.

ಅವನ ಜೊತೆಗೇ ನೋವೂ ಎದ್ದಿತ್ತು. "ಯಾಕೆ ಎಬ್ಬಿಸಿದೆ? ಎಷ್ಟು ದಿನ ಆಗಿತ್ತು ನೋವಿಲ್ದೆ ಮಲಗಿ. ಬುದ್ಧಿ ಇದ್ಯಾ ನಿಂಗೆ?"

ಅವನ ಎದೆಯ ಮೇಲಿಟ್ಟ ಕೈ ಅವಳು ತೆಗೆಯಲಿಲ್ಲ. "ಬೈರಿ," ಎಂದಳು. "ಇನ್ನೂ ಬೈರಿ. ಸುಮ್ನಾಗ್ಬೇಡಿ."