ಪಕ್ಕದ ಮನೆಯವರ ಸಾಲ ತೀರಿದ ವರ್ಷ

ಮೊನ್ನೆ ಮಧ್ಯಾಹ್ನ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಾಗ ಪಕ್ಕದ ಮನೆಯಿಂದ ಬಸ್ಸಾರಿನ ವಾಸನೆ ಬಂತು. ಹುರುಳಿಕಾಳು ಬೇಯಿಸಿ ಬಸಿದ ನೀರಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ ರುಬ್ಬಿ ಹಾಕಿ ಕುದಿಸಿದಾಗ ಬರುವ ವಾಸನೆ... ಈಗ ಆ ಮನೆಯಲ್ಲಿರುವುದು ಬಾಡಿಗೆಯವರು. ಹೊಸದಾಗಿ ಮದುವೆಯಾದ ಜೋಡಿ, ಪಾಪ, ಅವರ ಪಾಡಿಗೆ ಅವರು ಸಾರು ಮಾಡಿಕೊಂಡಿದ್ದರು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಮನೆ ಕಟ್ಟಿಸಿದ್ದ ಅಕ್ಕ ನೆನಪಾದರು. ಅವರ ಹಿಂದೆಯೇ ಅವರ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚೆಲ್ಲ ಮೆರವಣಿಗೆ ಬಂದ ಹಾಗೆ ಬಂತು.

ಹೊಟ್ಟೆಕಿಚ್ಚಿಗೆ ಕಾರಣ ಇತ್ತು. ಅವರ ಯಜಮಾನರೂ ನಮ್ಮವರೂ ಗೆಜ್ಜಲಗೆರೆಯ ಒಂದೇ ಫ್ಯಾಕ್ಟರಿಯಲ್ಲಿ, ಒಂದೇ ಪಾಳಿಯಲ್ಲಿ ಕೆಲಸಕ್ಕಿದ್ದರು. ಒಂದೇ ಬೈಕಿನಲ್ಲಿ ಹೋಗಿ ಬರುತ್ತಿದ್ದರು, ಒಂದು ದಿನ ಇವರ ಪೆಟ್ರೋಲು, ಒಂದು ದಿನ ಅವರದು. ಮದ್ದೂರಿನ ಈ ಬಡಾವಣೆಯಲ್ಲಿ ಅಕ್ಕಪಕ್ಕದ ಸೈಟು ತಗೊಂಡೆವು. ಒಂದೇ ಬ್ಯಾಂಕಿನಲ್ಲಿ, ಒಂದೇ ವಾರದಲ್ಲಿ, ಅಷ್ಟೇ ಮೊತ್ತದ ಸಾಲ ಹದಿನೈದು ವರ್ಷಕ್ಕೆ ಮಂಜೂರಾಯಿತು. ಅವರು ನೂರು ಎಕರೆ ಜಮೀನ್ದಾರರೋ, ದೊಡ್ಡ ಸಂಬಳದವರೋ ಆಗಿದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಮ್ಮಷ್ಟೇ ಇದ್ದವರು ನಮಗಿಂತ ಮುಂದೆ ಹೋದರೆ ಹೇಗೆ ಸಹಿಸುವುದು?

ಎರಡು ಮನೆಗೂ ಒಂದೇ ದಿನ ಗೃಹಪ್ರವೇಶ, ಅವತ್ತು ಮಾತ್ರ ನಾನೇ ಗೆದ್ದಿದ್ದೆ. ಮಳವಳ್ಳಿಯಿಂದ ನನ್ನ ತವರಿನವರೆಲ್ಲ ಬಂದಿದ್ದರು. ಬೀದಿ ತುಂಬ ಶಾಮಿಯಾನ ಹಾಕಿಸಿ, ಮುದ್ದೆ, ಬಾಡು, ಬೋಟಿ ಗೊಜ್ಜು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಅದಕ್ಕೆ ನನ್ನ ಎರಡು ಬಳೆ, ಒಂದು ಸರ ಗಿರವಿಗೆ ಹೋದವು ಅನ್ನುವುದು ಬೇರೆ ಮಾತು. ಆ ಅಕ್ಕ ಹಾಲುಕ್ಕಿಸಿ, ದೇವರಿಗೆ ದೀಪ ಹಚ್ಚಿ, ಬಂದವರಿಗೆ ಒಂದೊಂದು ಲೋಟ ಪಾಯಸ ಕೊಟ್ಟು ಒಳಗೆ ಹೋಗಿಬಿಟ್ಟರು. ದುದ್ದದ ಕಡೆಯಿಂದ ಬಂದಿದ್ದ ಅವರ ನೆಂಟರು ಮುಖ ಊದಿಸಿಕೊಂಡು ನಮ್ಮ ಶಾಮಿಯಾನಕ್ಕೆ ಬಂದು ಉಂಡರು. "ಇದೇನಕ್ಕ, ಮನೆ ಕಟ್ಟಿ ಊಟ ಹಾಕ್ದೇ ಇದ್ರೆ ಜನ ಏನಂದ್ಕತಾರೆ?" ಅಂತ ನಾನು ಕೇಳಿಯೇಬಿಟ್ಟೆ.

"ಮನೆ ನಮ್ದಾಗ್ಲಿ ತಡಿ ಕಣವ್ವ. ಈಗ ಇದು ಬ್ಯಾಂಕ್ನೋರ್ ಮನೆ. ಅವ್ರೇ ಬೇಕಾದ್ರೆ ಊಟ ಆಕ್ಲಿ" ಅಂದರು ನಗುತ್ತಾ.

ಜಿಪುಣಿ ಅಂದುಕೊಂಡೆ. ಅಂದುಕೊಂಡು ಬಹಳ ಸಮಾಧಾನಪಟ್ಟೆ. ಆದರೆ ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ.

ಅವರ ಮನೆಯ ಗೋಡೆಗಳಲ್ಲಿ ಒಂದೇ ಒಂದು ಮೊಳೆ ಇರಲಿಲ್ಲ. ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತಾಡುತ್ತಿತ್ತು, ಮದುವೆ ಫೋಟೊ ಬೀರುವಿನ ಮೇಲೆ ಗೋಡೆಗೆ ಒರಗಿಕೊಂಡಿತ್ತು. ಕೇಳಿದರೆ, "ಬ್ಯಾಂಕ್ನೋರ್ ಗೋಡೆಗೆ ನಾವ್ಯಾಕೆ ಮೊಳೆ ಒಡೀಬೇಕು?" ಅನ್ನುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಕೂತು ಇಡೀ ಸಾಲವನ್ನು ಕೋಣೆ ಕೋಣೆಗೆ ಹಂಚಿದ್ದರಂತೆ. ಅಡುಗೆಮನೆಯ ಪಾಲಿಗೆ ಬಂದಷ್ಟು ಅಸಲು ತೀರಿದರೆ ಅಡುಗೆಮನೆ ಅವರದ್ದು. ಆಮೇಲೆ ಬಚ್ಚಲು, ಆಮೇಲೆ ದೇವರಕೋಣೆ. ಹಾಗೆ ಒಂದು ಕೋಣೆ ಬಿಡಿಸಿಕೊಂಡ ದಿನ ಅದರ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು ಆ ಕೋಣೆಯ ಗೋಡೆಗೆ ಮೊದಲ ಮೊಳೆ ಹೊಡೆಯುತ್ತಿದ್ದರು. ಇದನ್ನು ಮೊದಲ ಸಲ ಕೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ನಮ್ಮ ಮನೆಯಲ್ಲಿ ಅಷ್ಟು ಹೊತ್ತಿಗೆ ಶೋಕೇಸು, ಗಡಿಯಾರ, ದೇವರ ಪಟ, ನಮ್ಮವರ ತಾತನ ಫೋಟೊ, ಎಲ್ಲಕ್ಕೂ ಮೊಳೆ ಬಿದ್ದಾಗಿತ್ತು.

ಮೂರನೇ ವರ್ಷವಿರಬೇಕು. ಒಂದು ಶುಕ್ರವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಆ ಕಡೆಯ ಗೋಡೆಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ಎರಡು ಮನೆಯ ಗೋಡೆಗಳಿಗೂ ನಡುವೆ ಒಬ್ಬರು ಅಡ್ಡವಾಗಿ ನಡೆಯುವಷ್ಟೇ ಸಂದು. ಸದ್ದು ನೆಟ್ಟಗೆ ಬಂದು ನನ್ನ ಎದೆಗೇ ಬಡಿದ ಹಾಗಾಯಿತು. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ಸಿಹಿ ಪೊಂಗಲು ಹಿಡಿದುಕೊಂಡು ಅಕ್ಕ ಬಂದರು. "ಅಡಿಗೆಮನೆ ನಮ್ದಾಯ್ತು ಕಣವ್ವ" ಅಂದರು. ಒಳ್ಳೇದಾಯ್ತಕ್ಕ ಅಂದೆ. ಪೊಂಗಲು ಚೆನ್ನಾಗಿಯೇ ಇತ್ತು. ಒಂದು ಮೊಳೆಗೆ ಹೊಟ್ಟೆ ಉರಿಸಿಕೊಂಡವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಅಲ್ಲಿಂದ ಶುರುವಾಯಿತು ನನ್ನ ಪತ್ತೇದಾರಿಕೆ. ಅಷ್ಟೇ ಸಂಬಳದಲ್ಲಿ ಇದು ಆಗಲು ಸಾಧ್ಯವೇ ಇಲ್ಲ, ತವರಿನಿಂದ ಗದ್ದೆ ಪಾಲು ಬಂದಿರಬೇಕು ಅಂದುಕೊಂಡೆ. ವಿಚಾರಿಸಿದರೆ, ಅಲ್ಲಿಂದ ಬರುತ್ತಿದ್ದದ್ದು ಸುಗ್ಗಿಯಲ್ಲಿ ರಾಗಿ, ಹುರುಳಿ, ಅವರೆಕಾಳು, ಅದೂ ದುಡ್ಡು ಕೊಟ್ಟೇ. ಹೊಟ್ಟೆಗೆ ತಿನ್ನದೆ ಉಳಿಸುತ್ತಾರೆ ಅಂತ ಇನ್ನೊಂದು ಅನುಮಾನ ಪಟ್ಟೆ. ಅವರ ಮನೆಯಲ್ಲಿ ವಾರಕ್ಕೆರಡು ಸಲ ಬಸ್ಸಾರು ಆಗುತ್ತಿತ್ತು ನಿಜ. ಆದರೆ ಅವರ ಬಸ್ಸಾರು ನಮ್ಮ ಮನೆಯ ಕೋಳಿ ಸಾರಿಗಿಂತ ರುಚಿಯಾಗಿರುತ್ತಿತ್ತು ಅಂತ ನಮ್ಮವರೇ ಹೇಳುತ್ತಿದ್ದರು. ಅದನ್ನು ಕೇಳಿ ನನಗೆ ಆದದ್ದನ್ನು ಇಲ್ಲಿ ಬರೆಯದಿರುವುದೇ ಲೇಸು...

ಕೊನೆಗೆ ಹೊಸತೊಡಕಿನ ದಿನ ಸಿಕ್ಕಿಬೀಳುತ್ತಾರೆ ಅಂತ ಕಾದೆ. ಯುಗಾದಿಯ ಮಾರನೇ ದಿನ ನಮ್ಮ ಕಡೆ ಬಾಡು ಬೇಯದ ಮನೆ ಇರುವುದಿಲ್ಲ. ಅದಕ್ಕಾಗಿ ವರ್ಷವಿಡೀ ಮಾಂಸದ ಚೀಟಿ ಕಟ್ಟುತ್ತೇವೆ. ನಮ್ಮ ಬೀದಿಯ ಕೊನೆಯ ಮನೆಯ ಮಾವ ಪ್ರತಿ ಭಾನುವಾರ ಬಂದು ದುಡ್ಡು ವಸೂಲಿ ಮಾಡುತ್ತಿದ್ದರು. ಹಬ್ಬದ ದಿನ ಆಡು ಕಡಿಸಿ, ಬಾಳೆ ಎಲೆಯ ಮೇಲೆ ಗುಡ್ಡೆ ಹಾಕಿ, ಚೀಟಿ ಹಾಕಿದವರಿಗೆಲ್ಲ ಹಂಚುತ್ತಿದ್ದರು. ಈ ಅಕ್ಕ ಚೀಟಿಯನ್ನೇ ಹಾಕಿರುವುದಿಲ್ಲ ಅಂತ ನನಗೆ ಖಾತ್ರಿಯಿತ್ತು. ಹೋಗಿ ನೋಡಿದರೆ, ಅವರ ಹೆಸರಿನಲ್ಲಿ ಒಂದಲ್ಲ, ಎರಡು ಗುಡ್ಡೆ! ಊರಿನಿಂದ ನೆಂಟರು ಬರುತ್ತಾರೆ ಅಂತ ಎರಡು ಚೀಟಿ ಹಾಕಿದ್ದರಂತೆ. ನನ್ನದು ಒಂದೇ ಗುಡ್ಡೆ. ಅದನ್ನು ಪಾತ್ರೆಗೆ ತುಂಬಿಕೊಂಡು ಅಕ್ಕನ ಜೊತೆ ಬರುವಾಗ ತಡೆಯಲಾರದೆ ದಾರಿಯಲ್ಲೇ ಕೇಳಿದೆ.

"ಅಕ್ಕ, ಗುಟ್ಟು ಏಳ್ಬುಡಿ. ನಿಮ್ ಮನೇಲಿ ದುಡ್ಡು ಮರಿ ಆಕ್ತದಾ?"

ಅಕ್ಕ ನಿಂತರು. "ಗುಟ್ಟೇನ್ ಬಂತವ್ವ. ಈ ಬಾಡಿನ್ ಚೀಟಿಗೆ ಒಂದ್ ವಾರನಾದ್ರೂ ತಪ್ಸಿದ್ದೀಯಾ ನೀನು?"

"ಇಲ್ಲ."

"ಮನೇಲಿ ಎಂಥಾ ಕಷ್ಟ ಇದ್ರೂ ಅದ್ಕೆ ಒಂದ್ಸಿಕಂಡು ಕಟ್ತೀವಲ್ವಾ? ಮಾವ ಬಾಗ್ಲಿಗೆ ಬಂದ್ರೆ ಇಲ್ಲ ಅನ್ನಕೆ ನಾಚ್ಕೆ. ಅದ್ಕೇ ನಾನು ಮನೆಗೂ ಅಂಗೇ ಒಂದು ಚೀಟಿ ಮಾಡ್ಕಂಡೆ. ಮಾವಂಗೆ ಕೊಟ್ಟ ಕೈಯಲ್ಲೇ ಇನ್ನಷ್ಟು ತಗ್ದು ರಾಗಿ ಡಬ್ಬಕ್ಕೆ ಆಕ್ಬುಡೋದು. ತಿಂಗ್ಳು ಕಡೇಲಿ ಏನ್ ಮಿಕ್ಕಿದ್ರೂ ಅದ್ಕೇ. ಒಂದಷ್ಟು ಆದೇಟ್ಗೆ ಬ್ಯಾಂಕಿಗೆ ಒಯ್ದು ಅಸಲಿಗೆ ಕಟ್ಬುಡೋದು."

ಅಷ್ಟೇನಾ ಅನ್ನಿಸಿತು. ಗದ್ದೆ ಪಾಲೋ, ಲಾಟರಿಯೋ ಆಗಿದ್ದಿದ್ದರೆ ಅದೃಷ್ಟ ಅಂತ ಬೈದುಕೊಂಡು ಮಲಗಬಹುದಿತ್ತು. ನಾನೂ ಮಾಡಬಹುದಾಗಿದ್ದ ಕೆಲಸ ಅದು, ಅದಕ್ಕೇ ಇನ್ನಷ್ಟು ಉರಿಯಿತು.

ಆ ವರ್ಷ ಆಯುಧಪೂಜೆಗೆ ಬೋನಸ್ಸು ಬಂದಾಗ ನಾನು ಹಟಕ್ಕೆ ಬಿದ್ದು, ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟಗೊಡದೆ ನಮ್ಮವರನ್ನು ಬ್ಯಾಂಕಿಗೆ ಎಳೆದುಕೊಂಡು ಹೋದೆ. ದುಡ್ಡು ಕಟ್ಟಿಸಿಕೊಂಡವರು, "ಕಂತು ಕಡಿಮೆ ಮಾಡಬೇಕಾ, ವರ್ಷ ಕಡಿಮೆ ಮಾಡಬೇಕಾ?" ಅಂತ ಕೇಳಿದರು. ನಮ್ಮವರು ಹಿಂದೆ ಮುಂದೆ ನೋಡದೆ, "ಕಂತೇ ಇಳ್ಸಿ ಸಾ, ತಿಂಗ್ಳು ತಿಂಗ್ಳು ವಸಿ ಉಸಿರಾಡ್ಬೋದು" ಅಂದರು. ನನಗೂ ಅದೇ ಸರಿ ಕಂಡಿತು. ಕುಣಿದುಕೊಂಡು ಬಂದು ಅಕ್ಕನಿಗೆ ಹೇಳಿದರೆ, ಅವರು ಲೊಚ್ಚಗುಟ್ಟಿದರು.

"ಅಯ್ಯೋ, ವರ್ಸ ಇಳ್ಸೋದಲ್ವೇನವ್ವ? ಕಂತು ಇಳ್ದ ದುಡ್ಡು ನಿನ್ ಕೈಲಿ ನಿಂತದಾ?"

ನಿಲ್ಲಲಿಲ್ಲ. ಮೂರು ತಿಂಗಳೊಳಗೆ ಅದು ದೊಡ್ಡ ಟಿ.ವಿ.ಯ ಕಂತಾಗಿ ನಮ್ಮ ಗೋಡೆಯ ಮೇಲೆ ಕೂತಿತು. ಆದರೆ ಅವತ್ತು ಆ ಲೊಚ್ಚಗುಟ್ಟಿದ್ದಕ್ಕೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಸಂಕ್ರಾಂತಿಯವರೆಗೂ ಮಾತು ಬಿಟ್ಟಿದ್ದೆ. ಎಳ್ಳು ಬೀರಲು ಅವರೇ ಬಂದರು. ಎಳ್ಳು ಬೆಲ್ಲ ತಗೊಂಡ ಮೇಲೆ ಮಾತಾಡದೆ ಇರಲಾಗುತ್ತದೆಯೇ? ಅಷ್ಟರೊಳಗೆ ಅವರ ದೇವರಕೋಣೆಯ ಮೊಳೆಯೂ ಬಿದ್ದಿತ್ತು.

ಹದಿನೈದು ವರ್ಷದ ಸಾಲವನ್ನು ಅವರು ಹೆಚ್ಚು ಕಡಿಮೆ ಅರ್ಧಕ್ಕೇ ತೀರಿಸಿದರು. ಬ್ಯಾಂಕಿನಿಂದ ಮನೆಪತ್ರ ಬಂದ ಮೇಲೆ ಬೀದಿಗೆ ಬೀದಿಯೇ ತಿರುಗಿ ನೋಡುವ ಹಾಗೆ ಶಾಮಿಯಾನ ಹಾಕಿಸಿ ಊಟ ಹಾಕಿದರು. ಹಿಂದೆ ಮುಖ ಊದಿಸಿಕೊಂಡಿದ್ದ ನೆಂಟರೆಲ್ಲ ಹಾಜರು. "ಇಷ್ಟ್ ವರ್ಸಕ್ಕೆ ಗೃಹಪ್ರವೇಸ್ವಾ ಅತ್ತೆ?" ಅಂತ ಯಾರೋ ರೇಗಿಸಿದರು. "ನಮ್ಮನೆಗೆ ನಾವು ಇವತ್ತೇ ಕಣಪ್ಪ ಬಂದಿರದು" ಅಂದರು. ಬಾಗಿಲಲ್ಲಿ ನಿಂತು ಬಂದವರಿಗೆ ಕುಂಕುಮ ಕೊಡುವ ಕೆಲಸವನ್ನು ಅಕ್ಕ ನನಗೇ ಒಪ್ಪಿಸಿದ್ದರು. ಬೇರೆ ಯಾರೂ ಸಿಗಲಿಲ್ಲವೇ ಇವರಿಗೆ? ಒಬ್ಬೊಬ್ಬರ ಹಣೆಗೂ ಕುಂಕುಮ ಇಡುತ್ತಾ, ನಗುತ್ತಾ, ಒಳಗೊಳಗೇ ಬೇಯುತ್ತಾ ಅರ್ಧ ದಿನ ನಿಂತಿದ್ದೆ. ಅವತ್ತು ಅವರು ಉಟ್ಟಿದ್ದ ಹಸಿರು ರೇಷ್ಮೆ ಸೀರೆಗೆ ರವಿಕೆ ಹೊಲಿದುಕೊಟ್ಟವಳೂ ನಾನೇ.

ಎಲ್ಲರೂ ಹೋದ ಮೇಲೆ ಮಿಕ್ಕ ಸಾರನ್ನು ನನ್ನ ಪಾತ್ರೆಗೆ ತುಂಬಿಸುತ್ತಾ ಅಕ್ಕ ಹೇಳಿದರು: "ನಿಂದೂ ಬೇಗ ತೀರ್ಲವ್ವ. ನಿಮ್ಮನೆ ಪತ್ರ ಬಂದ್ ದಿವ್ಸ ಕುಂಕುಮ ಕೊಡಕೆ ನಾನೇ ನಿಂತ್ಕತೀನಿ."

ಪಾತ್ರೆ ಹಿಡಿದುಕೊಂಡು ಮನೆಗೆ ಬಂದೆ. ಮನಸ್ಸಿನಲ್ಲೇ ಶಪಥ ಮಾಡಿದೆ. ಅವರು ನಮ್ಮ ಬಾಗಿಲಲ್ಲಿ ನಿಂತು, ನಾನು ಪಟ್ಟ ಸಂಕಟವನ್ನು ಅರ್ಧ ದಿನವಾದರೂ ಅವರೂ ಪಡಬೇಕು ಅಂತ. ಮರುದಿನವೇ ಬ್ಯಾಂಕಿಗೆ ಹೋಗಿ ಕಂತನ್ನು ಮೊದಲಿನಷ್ಟಕ್ಕೇ ಏರಿಸಿಕೊಂಡೆವು. ಟಿ.ವಿ.ಯ ಕಂತು ಮುಗಿದದ್ದೇ ಅದೂ ಮನೆಗೇ ಹೋಯಿತು. ರವಿಕೆ ಹೊಲಿದ ದುಡ್ಡು ಡಬ್ಬಕ್ಕೆ. ಭಾನುವಾರ ಚೀಟಿ ಮಾವ ನಮ್ಮ ಗೇಟು ದಾಟುತ್ತಿದ್ದ ಹಾಗೆ, ಕಾಂಪೌಂಡಿನ ಆ ಕಡೆಯಿಂದ "ಡಬ್ಬಕ್ಕೆ ಆಕ್ದಾ?" ಅಂತ ಅಕ್ಕನ ಕೂಗು. ಬಿದ್ದು ಹೋಗಲಿ ಈ ಹೆಂಗಸಿನ ಬಾಯಿ ಅಂತ ಬೈದುಕೊಳ್ಳುತ್ತಲೇ, "ಆಕ್ದೆ ಕಣಕ್ಕ" ಅಂತ ನಾನೂ ಕೂಗುತ್ತಿದ್ದೆ. ಹಾಗೆ ಎಷ್ಟೋ ಭಾನುವಾರ...

ಹೋದ ವರ್ಷ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಎರಡು ದಿನ ಮಾತ್ರೆ ನುಂಗಿಕೊಂಡು ಓಡಾಡಿದರು, ಆಮೇಲೆ ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದಾಗ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದರು. ಬಾಯಿ ಒಣಗಿತ್ತು. ಹೇಗಿದ್ದೀರಿ ಅಂತ ಕೇಳುವ ಮೊದಲೇ, "ಇನ್ನೆಷ್ಟುಳ್ದದೆ?" ಅಂದರು. ಇನ್ನೊಂದು ವರ್ಷದೊಳಗೆ ಮುಗಿಸ್ತೀನಿ ಅಂದೆ. "ಮುಗ್ಸು ಮುಗ್ಸು" ಅಂದರು. ಮಾರನೇ ವಾರ ಅವರನ್ನು ಮನೆಗೆ ತಂದಾಗ ಜೀವ ಇರಲಿಲ್ಲ. ಅವರ ಯಜಮಾನರು ಕೆಲಸ ಬಿಟ್ಟು ಮಗಳ ಮನೆಗೆ ಹೋದರು. ಮನೆ ಬಾಡಿಗೆಗೆ ಹೋಯಿತು.

ನಮ್ಮ ಸಾಲ ಹೋದ ತಿಂಗಳು ತೀರಿತು. ಅವಧಿಗಿಂತ ಮೂರು ವರ್ಷ ಮೊದಲೇ. ಮನೆಪತ್ರ ಈಗ ಬೀರುವಿನಲ್ಲಿದೆ. ಊಟ ಯಾವಾಗ ಹಾಕೋಣ ಅಂತ ನಮ್ಮವರು ಕೇಳುತ್ತಲೇ ಇದ್ದಾರೆ, ನಾನು ಆಷಾಢ ಕಳೆಯಲಿ, ಶ್ರಾವಣ ಬರಲಿ ಅಂತ ಮುಂದೂಡುತ್ತಿದ್ದೇನೆ. ಅವರಿಗೆ ಅರ್ಥವಾಗುತ್ತಿಲ್ಲ, ನಾನೂ ಬಿಡಿಸಿ ಹೇಳಿಲ್ಲ. ಬಾಗಿಲಲ್ಲಿ ಕುಂಕುಮ ಕೊಡಲು ನಾದಿನಿ ಇದ್ದಾಳೆ, ತಂಗಿ ಇದ್ದಾಳೆ. ಅವರು ನಿಂತರೆ ನನಗೇನು ಬಂತು? ನಾನು ಇಷ್ಟು ವರ್ಷ ಹಲ್ಲು ಕಚ್ಚಿ ಕಟ್ಟಿದ್ದು ಆ ಅಕ್ಕನ ಮುಖ ಒಂದು ಸಲ ಸಣ್ಣಗಾಗುವುದನ್ನು ನೋಡಬೇಕು ಅಂತ. ಸಣ್ಣಗಾಗುತ್ತಿರಲಿಲ್ಲ, ಅದೂ ನನಗೆ ಗೊತ್ತು. ನನಗಿಂತ ಹೆಚ್ಚು ಅವರೇ ಖುಷಿಪಟ್ಟು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು, ಅದನ್ನು ನೋಡಿ ಮತ್ತೆ ನನ್ನ ಹೊಟ್ಟೆಯೇ ಉರಿಯುತ್ತಿತ್ತು. ಉರಿಯಲಿ, ಅವರೊಂದು ಸಲ ಬಂದು ನಮ್ಮ ಬಾಗಿಲಲ್ಲಿ ನಿಲ್ಲಬೇಕಿತ್ತು.